ಆಕ್ಸಿಡೆಂಟ್ ಆದವರನ್ನು ‘ತಂದುಕೊಟ್ಟರೆ’ ಕಮಿಷನ್: ಕಾನೂನು ಏನು ಹೇಳುತ್ತದೆ?

ಕಾನೂನು ಸಲಹೆ – ಓದುಗರ ಪ್ರಶ್ನೆಗಳಿಗೆ ವಕೀಲರ ಉತ್ತರ

ಆಕ್ಸಿಡೆಂಟ್ ಪರಿಹಾರದ ಬಗ್ಗೆ ಹಿಂದೆ ಇಲ್ಲಿ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಬಹಳಷ್ಟು ಪರಿಹಾರದ ಬಗ್ಗೆ ಅಲ್ಲವೇ ಅಲ್ಲ. ಅದಕ್ಕಿಂತ ಮುಂಚಿನ ಒಂದೆರಡು ಗಂಟೆಗಳ ಬಗ್ಗೆ. ಗಾಯಾಳುವನ್ನು ಯಾರು ಎತ್ತಿಕೊಂಡು ಹೋದರು, ಎಲ್ಲಿಗೆ ಹೋದರು, ಅಲ್ಲಿಗೇ ಯಾಕೆ ಹೋದರು ಅನ್ನುವುದು ಎಲ್ಲರ ಪ್ರಶ್ನೆ. ಹಾಗಾಗಿ ಈ ಸಲ ಆ ಪ್ರಶ್ನೆಗಳನ್ನಷ್ಟೇ ತೆಗೆದುಕೊಂಡಿದ್ದೇನೆ. ಬರೆದವರ ಹೆಸರು, ಆಸ್ಪತ್ರೆಗಳ ಹೆಸರು ಬಿಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನನ್ನ ಬಾಮೈದ ಹೈವೇಯಲ್ಲಿ ಬೈಕಿನಿಂದ ಬಿದ್ದ. ತೊಡೆಮೂಳೆ ಮುರಿದಿತ್ತು, ತಲೆಗೂ ಪೆಟ್ಟಾಗಿತ್ತು. ಅಲ್ಲಿದ್ದವರು ಯಾರೋ ಪ್ರೈವೇಟ್ ಆಂಬುಲೆನ್ಸ್ ಕರೆಸಿದರು. ದಾರಿಯಲ್ಲೇ ಜಿಲ್ಲಾಸ್ಪತ್ರೆ ಇತ್ತು, ಇನ್ನೊಂದು ದೊಡ್ಡ ಆಸ್ಪತ್ರೆಯೂ ಇತ್ತು. ಡ್ರೈವರ್ ನಮಗೆ ಫೋನ್ ಮಾಡಿ ‘ಅಲ್ಲಿ ಡಾಕ್ಟರ್ ಇಲ್ಲ, ಬೆಡ್ಡೂ ಇಲ್ಲ’ ಅಂತ ಹೇಳಿ ಬೆಂಗಳೂರಿನ ಹೊರಗಿರುವ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದ. ಆಮೇಲೆ ಅಲ್ಲಿನ ವಾರ್ಡ್ ಬಾಯ್ ಒಬ್ಬ ನಮ್ಮ ಹತ್ತಿರ ಹೇಳಿದ, ಒಂದು ಆಕ್ಸಿಡೆಂಟ್ ಕೇಸ್ ತಂದರೆ ಡ್ರೈವರ್‌ಗೆ ಇಷ್ಟು ಅಂತ ಕೊಡ್ತಾರಂತೆ. ವಿಚಾರಿಸಿದರೆ ಆವತ್ತು ಜಿಲ್ಲಾಸ್ಪತ್ರೆಯಲ್ಲಿ ಡಾಕ್ಟರೂ ಇದ್ದರು, ಬೆಡ್ಡೂ ಇತ್ತು. ಇದಕ್ಕೆಲ್ಲ ಕಾನೂನಿಲ್ಲವಾ?
– ತುಮಕೂರು ಜಿಲ್ಲೆಯ ಓದುಗರು

ಉತ್ತರ: ಕಾನೂನು ಇದೆ. ಆದರೆ ಎಲ್ಲ ಒಂದೇ ಕಡೆ ಇಲ್ಲ. ಡಾಕ್ಟರಿಗೊಂದು, ಆಸ್ಪತ್ರೆಗೊಂದು, ಆಂಬುಲೆನ್ಸಿಗೆ ಇನ್ನೊಂದು. ಹಾಗಾಗಿ ಯಾರ ಹತ್ತಿರ ದೂರು ಕೊಡಬೇಕು ಅಂತ ಗೊತ್ತಾಗದೆ ಜನ ಸುಮ್ಮನಾಗಿಬಿಡುತ್ತಾರೆ. ನೀವು ಸುಮ್ಮನಾಗಬೇಡಿ.

ಮೊದಲು ಡಾಕ್ಟರ ವಿಷಯ. ನಮ್ಮ ದೇಶದಲ್ಲಿ ಅಲೋಪಥಿ ಡಾಕ್ಟರು ಹೇಗೆ ನಡೆದುಕೊಳ್ಳಬೇಕು ಅನ್ನುವುದಕ್ಕೆ 2002ರ ವೈದ್ಯಕೀಯ ನಡವಳಿಕೆ ನಿಯಮಗಳು ಈಗಲೂ ಜಾರಿಯಲ್ಲಿವೆ. 2023ರ ಆಗಸ್ಟಿನಲ್ಲಿ ಹೊಸ ನಿಯಮ ಬಂದಿತ್ತು, ಅದೇ ತಿಂಗಳಲ್ಲಿ ಅದನ್ನು ತಡೆಹಿಡಿದರು, ಹಾಗಾಗಿ ಹಳೆಯದೇ ನಡೆಯುತ್ತಿದೆ. ಅದರ 6.1.1ನೇ ನಿಯಮದ ಪ್ರಕಾರ ಡಾಕ್ಟರಾಗಲಿ, ಡಾಕ್ಟರ ಗುಂಪಾಗಲಿ, ಸಂಸ್ಥೆಯಾಗಲಿ ನೇರವಾಗಿಯೋ ಸುತ್ತಿಬಳಸಿಯೋ ರೋಗಿಗಳನ್ನು ತಮ್ಮ ಕಡೆ ಸೆಳೆಯುವುದು ತಪ್ಪು. 6.4.1ರ ಪ್ರಕಾರ ರೋಗಿಯನ್ನು ಕಳಿಸಿದ್ದಕ್ಕೆ, ಶಿಫಾರಸು ಮಾಡಿದ್ದಕ್ಕೆ, ತಂದುಕೊಟ್ಟಿದ್ದಕ್ಕೆ ಡಾಕ್ಟರು ಕಮಿಷನ್, ಉಡುಗೊರೆ, ಬೋನಸ್ ಏನನ್ನೂ ಕೊಡುವಂತಿಲ್ಲ, ಪಡೆಯುವಂತಿಲ್ಲ. 7.19 ಇನ್ನೂ ನೇರವಾಗಿದೆ: ರೋಗಿಗಳನ್ನು ತರುವುದಕ್ಕೆ ದಲ್ಲಾಳಿಗಳನ್ನೋ ಏಜೆಂಟರನ್ನೋ ಇಟ್ಟುಕೊಳ್ಳಬಾರದು. ನಿಮ್ಮ ವಾರ್ಡ್ ಬಾಯ್ ಹೇಳಿದ ಮಾತು ನಿಜವಾಗಿದ್ದರೆ ಅದು ಇದೇ.

ಇಲ್ಲೊಂದು ತೊಡಕಿದೆ. ಮೆಡಿಕಲ್ ಕೌನ್ಸಿಲ್, ಅಂದರೆ ವೈದ್ಯಕೀಯ ಪರಿಷತ್ತು, ಕ್ರಮ ತೆಗೆದುಕೊಳ್ಳುವುದು ನೋಂದಾಯಿತ ಡಾಕ್ಟರ ಮೇಲೆ ಮಾತ್ರ. ಆಸ್ಪತ್ರೆಯ ಮಾಲೀಕರು ಡಾಕ್ಟರೇ ಅಲ್ಲದೆ ಬರೀ ಬಂಡವಾಳ ಹಾಕಿದವರಾಗಿದ್ದರೆ ಕೌನ್ಸಿಲ್ ಅವರನ್ನು ಏನೂ ಮಾಡಲಾರದು. ಅದಕ್ಕೇ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಬರೆಯುವಾಗ ‘ಆಸ್ಪತ್ರೆ ಹೀಗೆ ಮಾಡಿತು’ ಅಂತಷ್ಟೇ ಬರೆಯಬೇಡಿ, ಚಿಕಿತ್ಸೆ ಕೊಟ್ಟ ಡಾಕ್ಟರ ಹೆಸರು, ಆಸ್ಪತ್ರೆಯ ವೈದ್ಯಕೀಯ ನಿರ್ದೇಶಕರ ಹೆಸರು ಕೇಳಿ ತಿಳಿದು ಬರೆಯಿರಿ. ದೂರನ್ನು 6 ತಿಂಗಳಲ್ಲಿ ತೀರ್ಮಾನಿಸಬೇಕು ಅಂತ ನಿಯಮದಲ್ಲೇ ಇದೆ.

ಆಸ್ಪತ್ರೆಗೆ ಬೇರೆ ದಾರಿ. ಕರ್ನಾಟಕದ ಖಾಸಗಿ ಆಸ್ಪತ್ರೆಗಳೆಲ್ಲ ಕೆಪಿಎಂಇ, ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಕೆಳಗೆ ನೋಂದಣಿ ಆಗಿರಬೇಕು. ಕಾಯ್ದೆ 2007ರದು, ಆಮೇಲೆ ಗಟ್ಟಿಯಾದ ತಿದ್ದುಪಡಿ ಆಗಿದೆ. ಅದರ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ ಇದೆ. ಜಿಲ್ಲಾಧಿಕಾರಿಯೇ ಅದರ ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿ ಕಾರ್ಯದರ್ಶಿ. ಆಸ್ಪತ್ರೆ ಯಾವ ಜಿಲ್ಲೆಯಲ್ಲಿದೆಯೋ ಅಲ್ಲಿಗೇ ದೂರು ಕೊಡಬೇಕು. ತುರ್ತು ರೋಗಿಯ ಹತ್ತಿರ ಮೊದಲು ಅಡ್ವಾನ್ಸ್ ಕಟ್ಟಿ ಅಂತ ಒತ್ತಾಯ ಮಾಡುವಂತಿಲ್ಲ, ರೋಗಿ ತೀರಿಕೊಂಡರೆ ಬಾಕಿ ಬಿಲ್ಲಿಗಾಗಿ ಶವ ಹಿಡಿದಿಟ್ಟುಕೊಳ್ಳುವಂತಿಲ್ಲ ಅನ್ನುವುದೂ ಇದೇ ಕಾಯ್ದೆಯಲ್ಲಿದೆ.

ಇನ್ನು ಡ್ರೈವರ್. ನೀವು ಬಾಡಿಗೆ ಕೊಟ್ಟಿದ್ದೀರಿ ಅಲ್ವಾ? ಹಾಗಿದ್ದರೆ ಅದು ಸೇವೆ, ನೀವು ಗ್ರಾಹಕರು. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು, ಅಲ್ಲಿ ಆಸ್ಪತ್ರೆಯನ್ನೂ ಸೇರಿಸಿ ಕೇಳಬಹುದು. ವೈದ್ಯಕೀಯ ಸೇವೆಯೂ ಗ್ರಾಹಕ ಕಾಯ್ದೆಗೆ ಸೇರುತ್ತದೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. 2 ವರ್ಷದೊಳಗೆ ದೂರು ಹಾಕಬೇಕು. ಡಾಕ್ಟರ್ ಇದ್ದರೂ ಇಲ್ಲ ಅಂತ ಸುಳ್ಳು ಹೇಳಿ, ಆ ಸುಳ್ಳಿನಿಂದ ಹಣ ಮಾಡಿಕೊಂಡಿದ್ದರೆ ಅದು ಬರೀ ಸೇವಾ ಲೋಪವಲ್ಲ, ನನ್ನ ಪ್ರಕಾರ ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್ನಿನ ವಂಚನೆ. ಪೊಲೀಸ್ ದೂರಿಗೆ ಅವಕಾಶ ಇದೆ.

ಸಾಕ್ಷಿ ಎಲ್ಲಿ ಸಿಗುತ್ತದೆ ಅಂತ ಕೇಳುತ್ತೀರಿ. ವಾರ್ಡ್ ಬಾಯ್ ನಾಳೆ ಬಂದು ಹೇಳಲಾರ, ಪಾಪ ಅವನ ಕೆಲಸ ಹೋಗುತ್ತದೆ. ಆದರೆ ಕಾಗದ ಹೇಳುತ್ತದೆ. ಆಕ್ಸಿಡೆಂಟ್ ಕೇಸ್ ಬಂದರೆ ಆಸ್ಪತ್ರೆಯವರು ಎಂಎಲ್‌ಸಿ (ಮೆಡಿಕೊ-ಲೀಗಲ್ ಕೇಸ್, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಕೇಸ್) ರಿಜಿಸ್ಟರಿನಲ್ಲಿ ಬರೆದು ಪೊಲೀಸರಿಗೆ ತಿಳಿಸುತ್ತಾರೆ. ಅದರಲ್ಲಿ ಗಾಯಾಳುವನ್ನು ಕರೆತಂದವರು ಯಾರು, ಎಷ್ಟು ಗಂಟೆಗೆ ತಂದರು ಅನ್ನುವುದನ್ನೂ ಬರೆಯುತ್ತಾರೆ. ಮಗ, ಗಂಡ, ಪಕ್ಕದ ಮನೆಯವರು, 108 ಸಿಬ್ಬಂದಿ, ಹೀಗೆ ದಿನಕ್ಕೊಂದು ಹೆಸರು ಇರಬೇಕಾದ ಜಾಗದಲ್ಲಿ ಒಂದೇ ಹೆಸರು, ಒಂದೇ ಮೊಬೈಲ್ ನಂಬರ್ ವಾರವಾರವೂ ಬರುತ್ತಿದ್ದರೆ ತನಿಖೆ ಮಾಡುವವರಿಗೆ ಬೇರೆ ಸುಳಿವು ಬೇಕಾಗಿಲ್ಲ. ಆ ರಿಜಿಸ್ಟರನ್ನು ನಿಮಗೆ ಪೂರ್ತಿ ತೋರಿಸುವುದಿಲ್ಲ, ಬೇರೆ ರೋಗಿಗಳ ವಿವರ ಇರುತ್ತದಲ್ಲ. ಆದರೆ ಪ್ರಾಧಿಕಾರಕ್ಕೋ ಪೊಲೀಸರಿಗೋ ತರಿಸಿ ನೋಡಿ ಅಂತ ನೀವು ಬರೆಯಬಹುದು. ನಿಮ್ಮ ಬಾಮೈದನ ಕೇಸ್ ಶೀಟಂತೂ ನಿಮ್ಮ ಹಕ್ಕು. ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ ಅದೇ 2002ರ ನಿಯಮ ಹೇಳುತ್ತದೆ. ಬಾಯಲ್ಲಿ ಕೇಳಬೇಡಿ. ಅರ್ಜಿ ಬರೆದು, ಇನ್ನೊಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಆಂಬುಲೆನ್ಸ್ ಬಿಲ್ಲು, ಡ್ರೈವರ್ ಫೋನ್ ಮಾಡಿದ ಕಾಲ್ ಲಾಗು, ಬಿದ್ದ ಹೊತ್ತು, ಅಡ್ಮಿಟ್ ಆದ ಹೊತ್ತು ಇವೆಲ್ಲ ಒಂದೇ ಫೈಲಿನಲ್ಲಿರಲಿ. ಜಿಲ್ಲಾಸ್ಪತ್ರೆಯಲ್ಲಿ ಆವತ್ತು ಡ್ಯೂಟಿಯಲ್ಲಿ ಯಾರಿದ್ದರು ಅನ್ನುವುದನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಅದು ಸರ್ಕಾರಿ ಆಸ್ಪತ್ರೆ, ಹೇಳಲೇಬೇಕು.

ಒಂದು ಮಾತು ಡ್ರೈವರ್ ಪರವಾಗಿಯೂ ಹೇಳಬೇಕು. ಹತ್ತಿರದ ಆಸ್ಪತ್ರೆ ದಾಟಿ ಹೋದದ್ದೆಲ್ಲ ತಪ್ಪಲ್ಲ. ತಲೆಗೆ ಪೆಟ್ಟಾದವರಿಗೆ ಸಿಟಿ ಸ್ಕ್ಯಾನ್ ಬೇಕು, ನರಶಸ್ತ್ರಚಿಕಿತ್ಸಕರು ಬೇಕು. ಅವು ಇಲ್ಲದ ಕಡೆ ಇಳಿಸಿ ಮತ್ತೆ ಎತ್ತಿಕೊಂಡು ಹೋಗುವುದಕ್ಕಿಂತ ಸೌಲಭ್ಯ ಇರುವಲ್ಲಿಗೆ ನೇರ ಹೋಗುವುದೇ ಸರಿ. ಮೋಟಾರು ವಾಹನ ಕಾಯ್ದೆಯಲ್ಲೇ ‘ಗೋಲ್ಡನ್ ಅವರ್’ ಅಂತ ಸೇರಿಸಿದ್ದಾರೆ, ಪೆಟ್ಟಾದ ಮೊದಲ ಒಂದು ಗಂಟೆ. ಆ ಒಂದು ಗಂಟೆಯಲ್ಲಿ ಎಲ್ಲಿಗೆ ಹೋಗಬೇಕು ಅನ್ನುವುದನ್ನು ಗಾಯ ನೋಡಿ ತೀರ್ಮಾನಿಸಬೇಕು. ಯಾರು ಎಷ್ಟು ಕೊಡುತ್ತಾರೆ ಅಂತ ನೋಡಿ ತೀರ್ಮಾನಿಸಿದರೆ ಸತ್ತವರೂ ಇದ್ದಾರೆ, ಕಾಲು ಕಳೆದುಕೊಂಡವರೂ ಇದ್ದಾರೆ. ನನಗೆ ಈ ವಿಷಯದಲ್ಲಿ ಸಿಟ್ಟು ಬರುವುದು ಅದಕ್ಕೇ. ಪ್ರಜ್ಞೆ ಇಲ್ಲದೆ ಮಲಗಿರುವ ಮನುಷ್ಯ ಬೇಡ ಅನ್ನಲಾರ, ಬೇರೆ ಕಡೆ ಕರೆದುಕೊಂಡು ಹೋಗಿ ಅನ್ನಲಾರ. ಅವನ ಹೆಸರಿನಲ್ಲಿ ಇನ್ನೊಬ್ಬರು ವ್ಯಾಪಾರ ಮುಗಿಸಿಬಿಡುತ್ತಾರೆ. ಆ ಕಮಿಷನ್ ಆಸ್ಪತ್ರೆಯವರು ತಮ್ಮ ಜೇಬಿನಿಂದ ಕೊಡುತ್ತಾರೆ ಅಂದುಕೊಂಡಿರಾ? ಅದು ಬಂದು ಕೂರುವುದು ನಿಮ್ಮ ಬಿಲ್ಲಿನಲ್ಲೇ.

ಪ್ರಶ್ನೆ: ನಾನು ಎಂಬಿಬಿಎಸ್ ಮುಗಿಸಿ ತಾಲ್ಲೂಕು ಕೇಂದ್ರವೊಂದರಲ್ಲಿ ಕ್ಲಿನಿಕ್ ಇಟ್ಟಿದ್ದೇನೆ. ಮೂಳೆ ಮುರಿದವರು, ಬಿದ್ದವರು ಮೊದಲು ನನ್ನ ಹತ್ತಿರ ಬರುತ್ತಾರೆ. ಸಿಟಿಯ ಒಂದು ಆಸ್ಪತ್ರೆಯ ಮಾರ್ಕೆಟಿಂಗ್‌ನವರು ತಿಂಗಳಿಗೊಮ್ಮೆ ಬಂದು, ಕಳಿಸಿದ ಕೇಸ್ ಲೆಕ್ಕ ಹಾಕಿ ಕವರ್ ಇಟ್ಟು ಹೋಗುತ್ತಾರೆ. ನಾನು ಕೇಳಿಲ್ಲ, ಚೌಕಾಸಿಯೂ ಮಾಡಿಲ್ಲ. ಎಲ್ಲರೂ ತಗೊಳ್ತಾರೆ ಅಂತಾರೆ. ಇದು ನಿಜವಾಗಿ ಎಷ್ಟು ತಪ್ಪು? ಹಾಗೇ ನನ್ನ ಕ್ಲಿನಿಕ್ ಬಗ್ಗೆ ಜಾಹೀರಾತು ಕೊಡಬಹುದಾ?
– ಯುವ ವೈದ್ಯರು

ಉತ್ತರ: ಡಾಕ್ಟರೇ, ನೀವಾಗಿ ಕೇಳಿದ್ದೀರಿ, ಅದು ದೊಡ್ಡ ಮಾತು. ಉತ್ತರ ಕಹಿಯಾಗಿದ್ದರೂ ನೇರವಾಗಿ ಹೇಳುತ್ತೇನೆ. ಕೇಳಿದರೂ ತಪ್ಪು, ಕೊಟ್ಟರೂ ತಪ್ಪು, ಕೇಳದೆ ಪಡೆದರೂ ತಪ್ಪು. ನಿಯಮದಲ್ಲಿ ಈ ಮೂರೂ ಒಟ್ಟಿಗೇ ಇವೆ. ಸ್ಕ್ಯಾನ್‌ಗೆ, ರಕ್ತ ಪರೀಕ್ಷೆಗೆ ಕಳಿಸಿದ್ದಕ್ಕೂ ಇದೇ ನಿಯಮ. ಪರಿಷತ್ತು ಎಚ್ಚರಿಕೆ ಕೊಟ್ಟು ಬಿಡಬಹುದು, ಇಲ್ಲವೇ ನಿಮ್ಮ ಹೆಸರನ್ನು ರಿಜಿಸ್ಟರಿನಿಂದ ಸ್ವಲ್ಪ ಕಾಲಕ್ಕೋ ಶಾಶ್ವತವಾಗಿಯೋ ತೆಗೆಯಬಹುದು. ಹೆಸರು ತೆಗೆದರೆ ಪ್ರಾಕ್ಟೀಸ್ ನಿಲ್ಲಿಸಬೇಕಾಗುತ್ತದೆ.

‘ಎಲ್ಲರೂ ತಗೊಳ್ತಾರೆ’ ಅನ್ನುವ ಮಾತಿಗೆ ಒಂದು ಹಳೆಯ ಸಂಗತಿ ನೆನಪಿಸುತ್ತೇನೆ. 2017ರ ಕೊನೆಯಲ್ಲಿ ಆದಾಯ ತೆರಿಗೆ ಇಲಾಖೆ ಬೆಂಗಳೂರಿನ ಕೆಲವು ಐವಿಎಫ್ ಕೇಂದ್ರಗಳು, ಡಯಾಗ್ನೊಸ್ಟಿಕ್ ಕೇಂದ್ರಗಳ ಮೇಲೆ ದಾಳಿ ಮಾಡಿತ್ತು. ಎಂಆರ್‌ಐಗೆ ಕಳಿಸಿದರೆ ಶೇ. 35, ಸಿಟಿ ಸ್ಕ್ಯಾನ್‌ಗೆ ಶೇ. 20 ಹೀಗೆ ಡಾಕ್ಟರಿಗೆ ಹೋಗುತ್ತಿತ್ತು ಅಂತ ಇಲಾಖೆಯೇ ಹೇಳಿತು. ರೋಗಿ ಕಟ್ಟಿದ ಹಣದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬರೀ ಚೀಟಿ ಬರೆದುಕೊಟ್ಟಿದ್ದಕ್ಕೆ! ಕವರ್‌ಗಳ ಲೆಕ್ಕ ಕೊಡುವವರ ಕಂಪ್ಯೂಟರಿನಲ್ಲಿ ಇರುತ್ತದೆ ಅನ್ನುವುದು ಆಗ ಎಲ್ಲರಿಗೂ ಗೊತ್ತಾಯಿತು. ನಿಮಗೆ ಬರುವ ಕವರಿನ ಲೆಕ್ಕವೂ ಎಲ್ಲೋ ಬರೆದಿಟ್ಟಿರುತ್ತಾರೆ.

ನೀವೇ ಪ್ಲಾಸ್ಟರ್ ಹಾಕಿದ್ದಕ್ಕೆ, ರೋಗಿ ಜೊತೆ ಸಿಟಿವರೆಗೂ ಹೋಗಿದ್ದಕ್ಕೆ, ಆಪರೇಷನ್ನಿನಲ್ಲಿ ಸಹಾಯ ಮಾಡಿದ್ದಕ್ಕೆ ಫೀಸು ಪಡೆಯಿರಿ, ಅದು ದುಡಿಮೆ. ಕಳಿಸಿದ್ದಕ್ಕೆ ಪಡೆಯಬೇಡಿ. ರೆಫರ್ ಮಾಡುವಾಗ ಒಂದೇ ಹೆಸರು ಹೇಳುವ ಬದಲು ಸೌಲಭ್ಯ ಇರುವ ಎರಡು ಮೂರು ಕಡೆ ಹೇಳಿ, ಅದರಲ್ಲಿ ಸರ್ಕಾರಿ ಆಸ್ಪತ್ರೆ ಒಂದಿರಲಿ, ಯಾಕೆ ಕಳಿಸುತ್ತಿದ್ದೀರಿ ಅಂತ ಚೀಟಿಯಲ್ಲಿ ಬರೆಯಿರಿ. ಕವರ್ ಬೇಡ ಅಂತ ಆ ಆಸ್ಪತ್ರೆಗೆ ಬರೆದು ತಿಳಿಸಿ, ಒಂದು ಪ್ರತಿ ಇಟ್ಟುಕೊಳ್ಳಿ. ಈವರೆಗೆ ಬಂದ ಹಣದ ಬಗ್ಗೆ ಆಡಿಟರ್ ಹತ್ತಿರ ಮಾತಾಡಿ, ತೆರಿಗೆಯ ಲೆಕ್ಕದಲ್ಲೂ ಅದು ಬರಬೇಕು.

ಜಾಹೀರಾತಿನ ವಿಷಯ ಸುಲಭ. ಕ್ಲಿನಿಕ್ ಶುರು ಮಾಡಿದಾಗ, ವಿಳಾಸ ಬದಲಾದಾಗ, ರಜೆ ಹೋದಾಗ, ಮತ್ತೆ ಕೆಲಸಕ್ಕೆ ಬಂದಾಗ ಪೇಪರಿನಲ್ಲಿ ಪ್ರಕಟಣೆ ಕೊಡಬಹುದು. ಫೀಸು ಎಷ್ಟು ಅಂತ ತಿಳಿಸಬಹುದು. ಬೋರ್ಡಿನಲ್ಲಿ ಹೆಸರು, ಓದು, ಪರಿಣತಿ, ನೋಂದಣಿ ಸಂಖ್ಯೆ ಇರಲಿ. ವಿಪರೀತ ದೊಡ್ಡ ಬೋರ್ಡು, ಮೆಡಿಕಲ್ ಶಾಪಿನ ಮೇಲೆ ನಿಮ್ಮ ಬೋರ್ಡು ಇವು ಬೇಡ. ‘ಮೂಳೆ ಮುರಿದರೆ ನನ್ನ ಹತ್ತಿರವೇ ಬನ್ನಿ, ನೂರಕ್ಕೆ ನೂರು ಗ್ಯಾರಂಟಿ’ ಅನ್ನುವಂಥದ್ದನ್ನು ಪೇಪರಿನಲ್ಲೂ ಹಾಕುವಂತಿಲ್ಲ, ಫೇಸ್‌ಬುಕ್ಕಿನಲ್ಲೂ ಹಾಕುವಂತಿಲ್ಲ.

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಅಮೆರಿಕದ ಡಲ್ಲಾಸ್‌ನಲ್ಲಿದ್ದೇವೆ. ಹೆಂಡತಿಯ ಕಾರಿಗೆ ಹಿಂದಿನಿಂದ ಇನ್ನೊಂದು ಕಾರು ಗುದ್ದಿತು. ಮಾರನೇ ದಿನದಿಂದಲೇ ಫೋನು. ‘ನಿಮಗೆ ಕುತ್ತಿಗೆ ನೋವು ಇರಬಹುದು, ನಮ್ಮ ಕ್ಲಿನಿಕ್ಕಿನಲ್ಲಿ ಅಪಾಯಿಂಟ್‌ಮೆಂಟ್ ಹಾಕಿದ್ದೇವೆ, ನೀವು ಒಂದು ಡಾಲರೂ ಕೊಡಬೇಕಾಗಿಲ್ಲ, ಲಾಯರನ್ನೂ ನಾವೇ ಕೊಡ್ತೀವಿ’ ಅಂತಾರೆ. ಕೈರೊಪ್ರಾಕ್ಟರ್ ಕ್ಲಿನಿಕ್ ಅಂತೆ. ಊರಿನಲ್ಲಾದರೆ ಹೀಗೆ ಅಂದುಕೊಳ್ಳಬಹುದು, ಇಲ್ಲೂ ಹೀಗೇನಾ?
– ಡಲ್ಲಾಸ್‌ನಿಂದ ಓದುಗರು

ಉತ್ತರ: ಅಲ್ಲೂ ಹೀಗೇ, ಆದರೆ ಅಲ್ಲಿ ಕಾನೂನು ದಿನ ಎಣಿಸಿ ಹೇಳಿದೆ. ಟೆಕ್ಸಾಸ್ ದಂಡಸಂಹಿತೆಯ 38.12ನೇ ಸೆಕ್ಷನ್ ನೋಡಿ. ಆಕ್ಸಿಡೆಂಟ್ ಆದವರು ತಾವಾಗಿ ಕೇಳದಿದ್ದರೂ, ತಮಗೆ ಅಥವಾ ಬೇರೆಯವರಿಗೆ ಕೆಲಸ ಸಿಗಲಿ ಅಂತ ಅವರನ್ನು 31ನೇ ದಿನಕ್ಕಿಂತ ಮೊದಲು ಪತ್ರದಿಂದಲೋ ಫೋನಿನಿಂದಲೋ ನೇರವಾಗಿಯೋ ಸಂಪರ್ಕಿಸುವುದು ಅಲ್ಲಿ ಅಪರಾಧ. ವಕೀಲರಿಗಷ್ಟೇ ಅಲ್ಲ, ಡಾಕ್ಟರು, ಸರ್ಜನ್, ಕೈರೊಪ್ರಾಕ್ಟರ್‌ಗಳಿಗೂ ಈ ನಿಯಮ ಇದೆ. ಕೈರೊಪ್ರಾಕ್ಟರ್ ಅಂದರೆ ಕೈಯಿಂದ ಒತ್ತಿ ಬೆನ್ನು, ಕುತ್ತಿಗೆಯ ಮೂಳೆ ಸರಿಮಾಡುವವರು ಅಂತ ಇಲ್ಲಿನ ಓದುಗರಿಗೆ ಹೇಳುತ್ತೇನೆ. ಅಲ್ಲಿ ಅವರಿಗೆ ಲೈಸೆನ್ಸ್ ಕೊಡುವ ರಾಜ್ಯ ಮಂಡಳಿಯೇ ಇದೆ, ದೂರನ್ನು ಅಲ್ಲಿಗೆ ಕೊಡಬಹುದು. ಫ್ಲಾರಿಡಾದಲ್ಲಿ ಇನ್ನೂ ಬಿಗಿ. ವಾಹನ ಅಪಘಾತ ಆದ 60 ದಿನದವರೆಗೆ ಕ್ಲೇಮಿಗೋಸ್ಕರ ಗಾಯಾಳುವನ್ನು ಹುಡುಕಿಕೊಂಡು ಹೋಗುವಂತಿಲ್ಲ, ಪೊಲೀಸರ ಅಪಘಾತ ವರದಿಯನ್ನೂ ಅಷ್ಟು ದಿನ ಹೊರಗಿನವರಿಗೆ ಕೊಡುವುದಿಲ್ಲ. ಟಿವಿಯಲ್ಲಿ, ರಸ್ತೆ ಬದಿ ಬೋರ್ಡಿನಲ್ಲಿ ಎಲ್ಲರಿಗೂ ಕಾಣುವ ಜಾಹೀರಾತು ಬೇರೆ, ಅದನ್ನು ತಡೆದಿಲ್ಲ. ನಿಮ್ಮ ನಂಬರ್ ಹುಡುಕಿ ನಿಮಗೇ ಫೋನ್ ಮಾಡುವುದು ಬೇರೆ.

‘ಒಂದು ಡಾಲರೂ ಬೇಡ’ ಅನ್ನುವ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಇಂಥ ಕಡೆ ಸಾಮಾನ್ಯವಾಗಿ ಒಂದು ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಈಗ ಚಿಕಿತ್ಸೆ ಕೊಡುತ್ತೇವೆ, ಮುಂದೆ ಇನ್ಷೂರೆನ್ಸ್ ಪರಿಹಾರ ಬಂದಾಗ ಅದರಿಂದ ನಮ್ಮ ಬಿಲ್ಲು ಮುರಿದುಕೊಳ್ಳುತ್ತೇವೆ ಅಂತ. ಅಂದರೆ ಪುಕ್ಕಟೆ ಅಲ್ಲ. ವಾರಕ್ಕೆ ಮೂರು ಸಲ ಬನ್ನಿ ಅಂತ ತಿಂಗಳುಗಟ್ಟಲೆ ಕರೆದರೆ ಬಿಲ್ಲು ಬೆಳೆಯುತ್ತದೆ, ಕೊನೆಗೆ ನಿಮ್ಮ ಹೆಂಡತಿಯ ಕೈಗೆ ಬರುವುದು ಕಡಿಮೆ ಆಗುತ್ತದೆ. ಎಲ್ಲ ಕ್ಲಿನಿಕ್ಕೂ ಮೋಸ ಅಂತ ಹೇಳುತ್ತಿಲ್ಲ, ನೀವಾಗಿ ಹುಡುಕಿಕೊಂಡು ಹೋದ ಕಡೆ ಇದೇ ವ್ಯವಸ್ಥೆ ಉಪಯೋಗಕ್ಕೂ ಬರುತ್ತದೆ. ಈಗ ಮೊದಲು ಅವರನ್ನು ನಿಮ್ಮ ಮಾಮೂಲಿ ಡಾಕ್ಟರಿಗೆ ತೋರಿಸಿ. ತಲೆನೋವು, ವಾಂತಿ, ಕೈ ಜೋಮು ಹಿಡಿಯುವುದು ಇದ್ದರೆ ಕಾಯದೆ ಎಮರ್ಜೆನ್ಸಿಗೆ ಹೋಗಿ. ನಿಮ್ಮ ಕಾರಿನ ಪಾಲಿಸಿಯಲ್ಲಿ ಪಿಐಪಿ ಅನ್ನುವ ವೈದ್ಯಕೀಯ ವಿಮೆ ಇದೆಯಾ ನೋಡಿ. ಟೆಕ್ಸಾಸ್‌ನಲ್ಲಿ ಬೇಡ ಅಂತ ಬರೆದುಕೊಡದಿದ್ದರೆ ಅದು ಇರಬೇಕು. ಫೋನ್ ಬಂದ ದಿನ, ನಂಬರ್, ಏನು ಹೇಳಿದರು ಅನ್ನುವುದನ್ನು ಬರೆದಿಡಿ. ಮುಂದಿನ ಹೆಜ್ಜೆಗೆ ನೀವೇ ಆರಿಸಿದ ಅಲ್ಲಿನ ವಕೀಲರನ್ನು ಕೇಳಿ. ಫೋನ್ ಮಾಡಿದವರು ಕೊಡುವ ವಕೀಲರು ಬೇಡ.

ಪ್ರಶ್ನೆ: ಅಮ್ಮನಿಗೆ ಬಸ್ ತಾಗಿ ಸೊಂಟದ ಮೂಳೆ ಮುರಿದಿದೆ. ಸರ್ಕಾರಿ ಆಸ್ಪತ್ರೆಯಲ್ಲಿದ್ದೇವೆ. ವಾರ್ಡಿಗೆ ಒಬ್ಬರು ಬಂದು ‘ಇಲ್ಲಿ ಆಪರೇಷನ್ ತಡ ಆಗುತ್ತೆ, ನಮ್ಮ ಆಸ್ಪತ್ರೆಗೆ ಶಿಫ್ಟ್ ಮಾಡಿ, ದುಡ್ಡು ಬೇಡ, ಕ್ಲೇಮ್ ಬಂದಾಗ ನೋಡ್ಕೊಳ್ಳೋಣ, ಇಲ್ಲಿ ಸಹಿ ಮಾಡಿ’ ಅಂತ ಪೇಪರ್ ಕೊಟ್ಟಿದ್ದಾರೆ. ಅದರಲ್ಲಿ ವಕಾಲತ್ತೂ ಇದೆ. ಸಹಿ ಹಾಕಲಾ?
– ಮಗಳು, ಉತ್ತರ ಕರ್ನಾಟಕ

ಉತ್ತರ: ಹಾಕಬೇಡಮ್ಮ. ಖಾಲಿ ಹಾಳೆಗಂತೂ ಯಾವತ್ತೂ ಬೇಡ.

ವಾರ್ಡಿನೊಳಗೆ ಬಂದು ರೋಗಿಯನ್ನು ಕರೆಯುವವರ ಬಗ್ಗೆ ಡ್ಯೂಟಿ ಡಾಕ್ಟರಿಗೆ, ಆಸ್ಪತ್ರೆಯ ಮುಖ್ಯಸ್ಥರಿಗೆ ಇವತ್ತೇ ಬರೆದು ಕೊಡಿ. ನಿಮ್ಮ ಪಕ್ಕದ ಮಂಚದವರಿಗೂ ಅವರೇ ಹೋಗಿರುತ್ತಾರೆ, ಒಟ್ಟಿಗೆ ಬರೆದರೆ ಇನ್ನೂ ಒಳ್ಳೆಯದು. ವಕಾಲತ್ತು ತಂದಿದ್ದಾರೆ ಅಂದರೆ ಅವರ ಹಿಂದೆ ವಕೀಲರೂ ಇದ್ದಾರೆ. ನಮ್ಮ ವೃತ್ತಿಗೂ ಇದು ನಿಷಿದ್ಧ. ಬಾರ್ ಕೌನ್ಸಿಲ್‌ನ 36ನೇ ನಿಯಮದ ಪ್ರಕಾರ ವಕೀಲರು ನೇರವಾಗಿಯೋ ದಲ್ಲಾಳಿ ಮೂಲಕವೋ ಕೇಸ್ ಹುಡುಕಿಕೊಂಡು ಹೋಗಬಾರದು. ವಕಾಲತ್ತಿನ ಮೇಲೆ ಹೆಸರಿದ್ದರೆ ಫೋಟೊ ತೆಗೆದು ರಾಜ್ಯ ವಕೀಲರ ಪರಿಷತ್ತಿಗೆ ಕಳಿಸಿ. ನನ್ನ ಜೊತೆ ಕೆಲಸ ಮಾಡುವವರ ವಿಷಯವೇ ಆದರೂ ಇದನ್ನೇ ಹೇಳುತ್ತೇನೆ.

ಈಗ ನಿಜವಾದ ಚಿಂತೆ, ಆಪರೇಷನ್ ತಡ ಆಗುತ್ತದಾ? ಇದನ್ನು ಅಮ್ಮನನ್ನು ನೋಡುತ್ತಿರುವ ಮೂಳೆ ಡಾಕ್ಟರಿಗೇ ಕೇಳಿ. ವಯಸ್ಸಾದವರ ಸೊಂಟದ ಮೂಳೆಗೆ ತುಂಬ ದಿನ ಕಾಯುವುದು ಒಳ್ಳೆಯದಲ್ಲ, ಹಾಗಾಗಿ ಕೇಳಲು ಸಂಕೋಚ ಬೇಡ. ಎಂದು ಮಾಡುತ್ತೀರಿ, ಇಂಪ್ಲಾಂಟ್ ಇದೆಯಾ, ಆಗದಿದ್ದರೆ ಎಲ್ಲಿಗೆ ರೆಫರ್ ಮಾಡುತ್ತೀರಿ ಅಂತ ಕೇಳಿ. ಬೇರೆ ಆಸ್ಪತ್ರೆಗೆ ಹೋಗುವ ಹಕ್ಕು ನಿಮಗಿದೆ, ಆದರೆ ಆ ತೀರ್ಮಾನ ನಿಮ್ಮದಾಗಿರಲಿ, ಪೇಪರ್ ಹಿಡಿದು ಬಂದವರದಲ್ಲ. ಹೋಗುವುದೇ ಆದರೆ ಡಾಕ್ಟರು ಬರೆದುಕೊಟ್ಟ ರೆಫರಲ್ ಚೀಟಿಯೊಂದಿಗೆ ಹೋಗಿ. ವೈದ್ಯರ ಸಲಹೆ ಮೀರಿ ಹೊರಟೆವು ಅಂತ ಬರೆದುಕೊಟ್ಟು ಬಂದರೆ ಮುಂದೆ ಕ್ಲೇಮಿನಲ್ಲಿ ಇನ್ಷೂರೆನ್ಸ್ ಕಂಪನಿಯವರು ಅದನ್ನೇ ಹಿಡಿದುಕೊಂಡು ವಾದ ಮಾಡುತ್ತಾರೆ.

ಇನ್ನೊಂದು ವಿಷಯ ತುಂಬ ಜನರಿಗೆ ಗೊತ್ತಿಲ್ಲ. 2025ರ ಮೇ 5ರಿಂದ ದೇಶದಲ್ಲಿ ರಸ್ತೆ ಅಪಘಾತದ ಗಾಯಾಳುಗಳಿಗೆ ನಗದುರಹಿತ ಚಿಕಿತ್ಸಾ ಯೋಜನೆ ಇದೆ. ಅಪಘಾತದ ದಿನದಿಂದ 7 ದಿನದವರೆಗೆ 1.5 ಲಕ್ಷ ರೂಪಾಯಿ ತನಕ ಚಿಕಿತ್ಸೆ. ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಾದರೆ ಪೂರ್ತಿ, ಸೇರದ ಆಸ್ಪತ್ರೆಯಲ್ಲಾದರೆ ಜೀವ ಸ್ಥಿರವಾಗುವವರೆಗೆ ಮಾತ್ರ. ‘ದುಡ್ಡು ಬೇಡ’ ಅಂತ ಬಂದವರು ತಮ್ಮ ಔದಾರ್ಯದಂತೆ ಹೇಳಿದ್ದು ಇದೇ ಯೋಜನೆಯನ್ನೂ ಇರಬಹುದು. ಅದಕ್ಕೆ ದಲ್ಲಾಳಿ ಬೇಕಾಗಿಲ್ಲ, ಪೊಲೀಸರಿಗೆ ಮಾಹಿತಿ ಹೋಗಿರಬೇಕು ಅಷ್ಟೇ. ದಿನ ಕಡಿಮೆ ಇರುವುದರಿಂದ ಇವತ್ತೇ ವಿಚಾರಿಸಿ.

ಪರಿಹಾರದ ಅರ್ಜಿಗೆ ಈಗಲೇ ಗಡಿಬಿಡಿ ಬೇಡ, ಆದರೆ 6 ತಿಂಗಳೊಳಗೆ ಹಾಕುವುದು ಕ್ಷೇಮ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಅಮ್ಮನ ಹೆಸರಿನಲ್ಲಿ ಅರ್ಜಿ ಕೊಡಿ. ನಿಮ್ಮ ಜಿಲ್ಲಾ ಕೋರ್ಟಿನ ಆವರಣದಲ್ಲೇ ಕಚೇರಿ ಇರುತ್ತದೆ, ಸಹಾಯವಾಣಿ 15100.

ಪ್ರಶ್ನೆ: ಆಕ್ಸಿಡೆಂಟ್ ಕೇಸ್ ಅಂದ ತಕ್ಷಣ ‘ಮೊದಲು ಪೊಲೀಸ್ ಬರಲಿ’ ಅಂತ ಚಿಕ್ಕ ನರ್ಸಿಂಗ್ ಹೋಮ್‌ನವರು ಮುಟ್ಟುವುದೇ ಇಲ್ಲ. ಹಾಗಾಗಿಯೇ ಜನ ದಲ್ಲಾಳಿ ಹೇಳಿದ ಕಡೆ ಹೋಗುತ್ತಾರೆ ಅಲ್ಲವೇ?
– ನಿವೃತ್ತ ಶಿಕ್ಷಕರು

ಉತ್ತರ: ನೀವು ಹೇಳಿದ್ದು ಸರಿ ಮೇಷ್ಟ್ರೇ. ಒಂದು ಬಾಗಿಲು ಮುಚ್ಚಿದ್ದರಿಂದಲೇ ಇನ್ನೊಂದು ಬಾಗಿಲಿನಲ್ಲಿ ದಲ್ಲಾಳಿ ನಿಂತಿದ್ದಾನೆ. ಆದರೆ ಆ ಬಾಗಿಲು ಮುಚ್ಚುವುದು 1989ರಿಂದಲೇ ಕಾನೂನಿಗೆ ವಿರುದ್ಧ. ಸ್ಕೂಟರ್ ಸವಾರರೊಬ್ಬರಿಗೆ ಕಾರು ಗುದ್ದಿತ್ತು. ಹತ್ತಿರದ ಆಸ್ಪತ್ರೆಯವರು ನಾವು ಪೊಲೀಸ್ ಕೇಸ್ ನೋಡುವುದಿಲ್ಲ ಅಂತ ಸುಮಾರು 20 ಕಿಲೋಮೀಟರ್ ದೂರದ ಆಸ್ಪತ್ರೆಗೆ ಕಳಿಸಿದರು, ಅವರು ದಾರಿಯಲ್ಲೇ ತೀರಿಕೊಂಡರು. ಪೇಪರಿನಲ್ಲಿ ಬಂದ ಆ ಸುದ್ದಿಯನ್ನೇ ಹಿಡಿದು ಪರಮಾನಂದ ಕಟಾರಾ ಅನ್ನುವವರು ಸುಪ್ರೀಂ ಕೋರ್ಟಿಗೆ ಹೋದರು. ಸರ್ಕಾರಿ ಇರಲಿ ಖಾಸಗಿ ಇರಲಿ, ಪ್ರತಿ ಡಾಕ್ಟರೂ ಮೊದಲು ಜೀವ ಉಳಿಸಬೇಕು, ಪೊಲೀಸ್ ಕೆಲಸ ಆಮೇಲೆ ಅಂತ ಕೋರ್ಟ್ ಹೇಳಿತು. ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ನಿನಲ್ಲೂ ಅದೇ ಇದೆ. ಯಾವ ಕಾಗದಕ್ಕೂ ಕಾಯದೆ ಚಿಕಿತ್ಸೆ ಕೊಡಬೇಕು, ಗಾಯಾಳುವೇ ಬೇಡ ಅಂದರೆ ಮಾತ್ರ ಬೇರೆ ಮಾತು. ಪ್ರಥಮ ಚಿಕಿತ್ಸೆಯನ್ನೂ ಕೊಡದೆ ಕಳಿಸಿದರೆ ಮೊದಲನೇ ಉತ್ತರದಲ್ಲಿ ಹೇಳಿದ ಜಿಲ್ಲಾ ಪ್ರಾಧಿಕಾರಕ್ಕೇ ದೂರು ಕೊಡಿ.

ಪ್ರಶ್ನೆ: ಮೇಡಂ, ನಾನು ಆಟೋ ಓಡಿಸ್ತೀನಿ. ರಸ್ತೆಯಲ್ಲಿ ಬಿದ್ದಿದ್ದ ಒಬ್ಬರನ್ನು ಹತ್ತಿರದ ಖಾಸಗಿ ಆಸ್ಪತ್ರೆಗೆ ಸೇರಿಸಿದೆ. ಬಾಡಿಗೆ ಕೇಳಲಿಲ್ಲ. ಹೊರಗೆ ಬರುವಾಗ ಅಲ್ಲಿನ ಪಿಆರ್‌ಒ ನನ್ನ ನಂಬರ್ ತಗೊಂಡು 500 ರೂಪಾಯಿ ಕೊಟ್ಟರು, ‘ಇನ್ಮೇಲೆ ಇಂಥ ಕೇಸ್ ಸಿಕ್ಕಿದರೆ ಇಲ್ಲಿಗೇ ಬನ್ನಿ, ಜಾಸ್ತಿ ಕೊಡ್ತೀವಿ’ ಅಂದರು. ನಾನು ತಪ್ಪು ಮಾಡಿದೆನಾ? ಪೊಲೀಸ್ ಕೇಸ್ ಆಗುತ್ತಾ?
– ಆಟೋ ಚಾಲಕರು, ಬೆಂಗಳೂರು

ಉತ್ತರ: ಅಣ್ಣ, ನೀವು ಒಂದು ಜೀವ ಎತ್ತಿಕೊಂಡು ಹೋಗಿದ್ದೀರಿ. ಅದರಲ್ಲಿ ತಪ್ಪೇನೂ ಇಲ್ಲ. ನಿಮ್ಮಂಥವರಿಗೆ ರಕ್ಷಣೆ ಕೊಡಲು ಕರ್ನಾಟಕದ್ದೇ ಕಾಯ್ದೆ ಇದೆ. 2016ರಲ್ಲಿ ವಿಧಾನಮಂಡಲ ಒಪ್ಪಿತು, 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಕೇಂದ್ರದ ಕಾಯ್ದೆಯಲ್ಲೂ 134ಎ ಸೆಕ್ಷನ್ ಬಂದಿದೆ. ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ ಕೇಸ್ ಹಾಕುವಂತಿಲ್ಲ, ಹೆಸರು ವಿಳಾಸ ಕೊಡಲೇಬೇಕು ಅಂತ ಒತ್ತಾಯ ಮಾಡುವಂತಿಲ್ಲ. ಆಸ್ಪತ್ರೆಯವರು ಈ ಹಕ್ಕುಗಳನ್ನು ಬಾಗಿಲ ಹತ್ತಿರ ಕಾಣುವಂತೆ ಬರೆದು ಹಾಕಬೇಕು. ಮುಂದಿನ ಸಲ ನೋಡಿ, ಹಾಕಿಲ್ಲದಿದ್ದರೆ ಕೇಳಿ.

ಆ 500 ರೂಪಾಯಿ ಮಾತ್ರ ಬೇರೆ. ಅವರು ಆವತ್ತಿನ ಸಹಾಯಕ್ಕೆ ಕೊಟ್ಟಿಲ್ಲ, ಮುಂದಿನ ಗಾಯಾಳುವಿಗೆ ಕೊಟ್ಟ ಮುಂಗಡ ಅದು. ಈಗ ನಿಮ್ಮ ಮೇಲೆ ಕೇಸ್ ಆಗುವಂಥದ್ದೇನೂ ಇಲ್ಲ. ಆದರೆ ಆ ಫೋನ್ ಎತ್ತಬೇಡಿ. ನಾಳೆ ಇನ್ನೊಬ್ಬರು ಬಿದ್ದಿದ್ದಾಗ ಪಕ್ಕದಲ್ಲೇ ಆಸ್ಪತ್ರೆ ಇದ್ದರೂ ಕೈ ತಾನಾಗಿ ಹ್ಯಾಂಡಲ್ಲನ್ನು ಆ ಕಡೆ ತಿರುಗಿಸಿಬಿಡುತ್ತದೆ, ಆಮೇಲೆ ನೀವು ಸಹಾಯ ಮಾಡಿದವರಾಗಿ ಉಳಿಯುವುದಿಲ್ಲ, ಕಾನೂನಿನ ರಕ್ಷಣೆಯೂ ಕೈ ತಪ್ಪುತ್ತದೆ.

ನಿಮಗೆ ಸರಿಯಾದ ದಾರಿಯಲ್ಲೇ ಹಣ ಬರುವ ಅವಕಾಶ ಇದೆ, ಅದನ್ನು ಬಿಡಬೇಡಿ. ಕೇಂದ್ರ ಸರ್ಕಾರದ ‘ರಾಹ್-ವೀರ್’ ಯೋಜನೆಯಲ್ಲಿ, ಗಂಭೀರವಾಗಿ ಗಾಯಗೊಂಡವರನ್ನು ಮೊದಲ ಒಂದು ಗಂಟೆಯೊಳಗೆ ಆಸ್ಪತ್ರೆಗೆ ಸೇರಿಸಿ ಜೀವ ಉಳಿಸಿದವರಿಗೆ 25,000 ರೂಪಾಯಿ ಮತ್ತು ಪ್ರಮಾಣಪತ್ರ ಕೊಡುತ್ತಾರೆ. ಮೊದಲು 5,000 ಇತ್ತು, 2025ರಲ್ಲಿ ಹೆಚ್ಚಿಸಿದರು. ಗಂಭೀರ ಅಂದರೆ ದೊಡ್ಡ ಆಪರೇಷನ್ ಆಗಿರಬೇಕು, ಇಲ್ಲವೇ ಕನಿಷ್ಠ 3 ದಿನ ಆಸ್ಪತ್ರೆಯಲ್ಲಿ ಇರಬೇಕಾಗಿ ಬಂದಿರಬೇಕು, ಇಲ್ಲವೇ ಮಿದುಳು, ಬೆನ್ನುಹುರಿಗೆ ಪೆಟ್ಟಾಗಿರಬೇಕು. ಇದನ್ನು ಕೊಡುವುದು ಆಸ್ಪತ್ರೆ ಅಲ್ಲ, ಸರ್ಕಾರ. ಯಾವ ಆಸ್ಪತ್ರೆಗೆ ಸೇರಿಸಿದರೂ ಸಿಗುತ್ತದೆ. ನೀವು ಸೇರಿಸಿದವರ ಸ್ಥಿತಿ ಹೇಗಿತ್ತು ಅಂತ ವಿಚಾರಿಸಿ. ಗಂಭೀರವಾಗಿತ್ತು ಅಂತಾದರೆ ಆ ವ್ಯಾಪ್ತಿಯ ಪೊಲೀಸ್ ಠಾಣೆಗೆ ಹೋಗಿ, ಡಾಕ್ಟರ ಹತ್ತಿರ ಖಚಿತ ಮಾಡಿಕೊಂಡು ಲೆಟರ್‌ಹೆಡ್ಡಿನಲ್ಲಿ ಸ್ವೀಕೃತಿ ಪತ್ರ ಕೊಡಿ ಅಂತ ಕೇಳಿ. ಅದರ ಒಂದು ಪ್ರತಿ ಜಿಲ್ಲಾಧಿಕಾರಿಗಳ ಸಮಿತಿಗೆ ಹೋಗುತ್ತದೆ, ಒಂದು ನಿಮ್ಮ ಹತ್ತಿರ ಇರಬೇಕು. ಹೋಗುವಾಗ ಆಧಾರ್, ಬ್ಯಾಂಕ್ ಪಾಸ್‌ಬುಕ್ ತೆಗೆದುಕೊಂಡು ಹೋಗಿ, ಗಾಯಾಳುವನ್ನು ಎಲ್ಲಿಂದ ಎಷ್ಟು ಗಂಟೆಗೆ ಎತ್ತಿಕೊಂಡಿರಿ, ಎಷ್ಟು ಗಂಟೆಗೆ ಆಸ್ಪತ್ರೆ ತಲುಪಿದಿರಿ ಅನ್ನುವುದನ್ನು ಮರೆಯುವ ಮುಂಚೆ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಠಾಣೆಯಲ್ಲಿ ಆಗಲ್ಲ ಅಂದರೆ ನನಗೆ ಮತ್ತೆ ಬರೆಯಿರಿ.